ಶಹನಾಯಿಯ ಕೆಳಗೆ ಉಳಿದ ದನಿ

"ನಮ್ಮಪ್ಪನ ಮಾತು ಇದರಾಗ ಅರ್ಧ ಐತೆ. ಇನ್ನರ್ಧ ಎಲ್ಲಿ ಹೋತು?"

ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ವಾಣಿಶ್ರೀ ಕೇಳಿದಳು. ಕೇಳಿದ್ದು ಮೆಲ್ಲಗೆ.

ಕೊಟ್ಟೂರೇಶ್ ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತ. ಹರಿಹರದಿಂದ ದಿನಾ ಬಸ್ಸಿಗೆ ಬಂದು, ದಾವಣಗೆರೆಯ ಈ ಇಕ್ಕಟ್ಟು ಕೋಣೆಯಲ್ಲಿ ಮದುವೆ ಕ್ಯಾಸೆಟ್ಟುಗಳಿಗೆ ಹಾಡು ಜೋಡಿಸುವ ಮಿಕ್ಸಿಂಗ್ ಮಾಡಿ ಬದುಕುವವನು ಅವನು. ಅವಳ ಅಕ್ಕ ಪೂಜಾಳ ಮದುವೆಯಲ್ಲಿ ಕ್ಯಾಮೆರಾ ಹಿಡಿದವನೂ ಅವನೇ. ಅವನಿಗೆ ಅವಳ ಗುರುತು ಚೆನ್ನಾಗಿತ್ತು. ಅವಳಿಗೆ ಅವನ ಗುರುತಿರಲಿಲ್ಲ. ಮದುವೆಮನೆಯಲ್ಲಿ ಕ್ಯಾಮೆರಾದ ಹಿಂದಿನ ಮುಖವನ್ನು ಯಾರು ನೋಡುತ್ತಾರೆ?

"ಕೂಡ್ರಿ," ಎಂದ.

"ಕೂಡಾಕ ಬಂದಿಲ್ಲ. ಹಾಕಿ ನೋಡ್ರಿ."

ಅವನು ಕ್ಯಾಸೆಟ್ಟು ಹಾಕಿದ. ಹೆಣ್ಣು ಒಪ್ಪಿಸುವ ಹೊತ್ತು. ಪೂಜಾಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಎಲ್ಲರೂ ಅಳುತ್ತಿದ್ದಾರೆ. ಅಳುವಿನ ಸದ್ದಿಲ್ಲ, ಮೇಲೆ ಶಹನಾಯಿ ಹಾಕಿದೆ. ಅಷ್ಟು ಜನರ ನಡುವೆ ತಾಯಿ ಶಕುಂತಲಮ್ಮ ಒಬ್ಬಳೇ ನಗುತ್ತಿದ್ದಾಳೆ. ಆಮೇಲೆ ವಾಣಿಶ್ರೀಯ ಮುಖ ಬಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. ಚಿತ್ರ ಅಲ್ಲೇ ಒಂದು ಗಳಿಗೆ ನಿಂತಿತು. ಮತ್ತೆ ಚಲಿಸಿದಾಗ ಶಹನಾಯಿಯ ಕೆಳಗಿನಿಂದ ಒಂದು ಕೆಮ್ಮು ಎದ್ದಿತು. ಹಿಂದೆಯೇ ಒಂದು ದನಿ.

"...ಮನೆಯಾಗ ಮಾತ್ರ ಹೇಳಬ್ಯಾಡ, ಅಮೀರಣ್ಣ..."

ಅಷ್ಟೇ. ಮತ್ತೆ ಬರೀ ಶಹನಾಯಿ.

ಕೊಟ್ಟೂರೇಶನ ಮುಖ ಬಿಳುಚಿತು. ಎಲ್ಲ ಸದ್ದನ್ನೂ ಮುಚ್ಚಿದ್ದೇನೆಂದು ಅವನು ನಂಬಿಕೊಂಡಿದ್ದ.

"ಇದು ನನ್ನ ತಪ್ಪು," ಎಂದ. "ಕಂಪ್ಯೂಟರಿನಾಗ ಚಿತ್ರದ ಪ್ರತಿ ತುಂಡಿಗೂ ಅದರ ಸದ್ದು ಅಂಟಿಕೊಂಡೇ ಬರ್ತೈತ್ರಿ. ಅದನ್ನ ಮುಚ್ಚಿ ಹಾಡು ಹಾಕ್ತೀವಿ. ಮುಚ್ಚಿದ ಮ್ಯಾಲೆ ಇನ್ನೊಮ್ಮೆ ಕತ್ತರಿಸಿದ್ರೆ, ಹೊಸ ತುಂಡಿನ ಸದ್ದು ತಿರುಗಿ ತೆರಕೊಂತೈತೆ. ಅಲ್ಲಿ ಮುಚ್ಚೋದು ಮರೆತೆ. ಆ ಸದ್ದು ತೆಗೆದು ಕೊಡ್ತೀನಿ."

"ತೆಗೆಯೋದಾ?" ಅವಳ ಕಣ್ಣು ತುಂಬಿತು. "ಅಪ್ಪ ಹೋಗ್ಯಾರ್ರಿ. ಮನೆಯಾಗ ಉಳಿದಿರೋ ಅವರ ದನಿ ಇಷ್ಟೇ. ನೀವು ಮುಚ್ಚಿದ್ದು ನನಗ ಬೇಕು. ಮೊದಲು ತೆಗೆದ ಕ್ಯಾಸೆಟ್ಟು ಕೊಡ್ರಿ."

ಅವಳ ತಂದೆ ಬಕ್ಕೇಶಪ್ಪನವರು ಲಿಂಗೈಕ್ಯರಾದ ಸುದ್ದಿ ಅವನಿಗೆ ಅಂದೇ ಮುಟ್ಟಿತ್ತು. ಮಣ್ಣು ಕೊಡುವುದಕ್ಕೂ ಹೋಗಿದ್ದ. ಹಿಂದಿನ ಸಾಲಿನಲ್ಲಿ ನಿಂತು ಬಂದಿದ್ದ.

"ಅದು ಇಲ್ರಿ," ಎಂದ, ಮುಖ ತಿರುಗಿಸಿ. "ಅದರ ಮ್ಯಾಲೆ ಬೇರೆ ಮದುವೆ ತೆಗೆದುಬಿಟ್ಟೆ. ನಮ್ಮ ಕೆಲಸದಾಗ ಎಲ್ಲರೂ ಹಂಗೇ ಮಾಡೋದು."

ವಾಣಿಶ್ರೀ ಕ್ಯಾಸೆಟ್ಟನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದಳು.

ಇನ್ನೊಬ್ಬರ ಮದುವೆಯ ಕೆಳಗೆ ನಮ್ಮಪ್ಪನನ್ನ ಹೂತುಬಿಟ್ಟಾನ, ಎಂದುಕೊಂಡಳು.

*

ಎಸ್.ಎಸ್. ಬಡಾವಣೆಯ ವಾಣಿಶ್ರೀಯ ಮನೆಯಲ್ಲಿ ಉಗಾದಿಯ ಮುಂಚೆಯೇ ಹಬ್ಬ ನಿಂತುಹೋಗಿತ್ತು. ಬಕ್ಕೇಶಪ್ಪ ಮಂಡಿಯಲ್ಲಿ ಅಕ್ಕಿ ವ್ಯಾಪಾರಿ. ಮಲೆಬೆನ್ನೂರಿನ ಗಿರಣಿಗಳಿಗೆ ಓಡಾಡಿಕೊಂಡಿದ್ದ ಗಟ್ಟಿ ಆಳು. ಪೂಜಾಳ ಮದುವೆ ಮುಗಿದ ಕೆಲವೇ ವಾರಕ್ಕೆ, ಬೆಳಿಗ್ಗೆ ಲಿಂಗಪೂಜೆಗೆ ಕೂತವರು ಹಾಗೆಯೇ ಒರಗಿದರು. ಶಿವನಿಗೆ ಕೊಡಬೇಕಾದ ಉಸಿರನ್ನು ಶಿವನ ಮುಂದೆಯೇ ಇಟ್ಟರು ಎಂದು ಊರು ಸಮಾಧಾನ ಹೇಳಿತು. ಮನೆಗೆ ಸಮಾಧಾನ ಎಲ್ಲಿಂದ ಬರಬೇಕು?

ವಾಣಿಶ್ರೀಗಂತೂ ಬರಲಿಲ್ಲ. ಪೂಜಾಳ ಮದುವೆ ಬೇಸಿಗೆ ಕಳೆದ ಮೇಲಾಗಲಿ ಎಂದು ಗಂಡಿನವರು ಹೇಳಿದ್ದರು. "ಯಾಕ ತಡ ಮಾಡ್ತೀರಿ ಅಪ್ಪಾಜಿ? ಬೇಗ ಮುಗಿಸಿಬಿಡ್ರಿ" ಎಂದು ತಂದೆಯ ಬೆನ್ನು ಹತ್ತಿದವಳು ಅವಳು. ತಂದೆ ಅಂದೇ ಹೂಂ ಅಂದಿದ್ದರು. ಆಮೇಲೆ ಬಿಸಿಲೆನ್ನದೆ ಮದುವೆಯ ಕೆಲಸಕ್ಕೆ ಹರಿಹರಕ್ಕೂ ದಾವಣಗೆರೆಗೂ ಅಲೆದಿದ್ದರು.

ನಾನು ಅವಸರ ಮಾಡದಿದ್ದರೆ ಅಪ್ಪ ಇರ್ತಿದ್ರು...

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಊಟದ ತುತ್ತಿನ ಜೊತೆ ದಿನಾ ನುಂಗುತ್ತಿದ್ದಳು.

ತಂದೆಯ ಗೆಳೆಯ, ಮಂಡಿಯ ಅಮೀರ್ ಜಾನರನ್ನು ಹೋಗಿ ಕೇಳಿದಳು. "ಮನೆಯಾಗ ಏನು ಹೇಳಬ್ಯಾಡ ಅಂದಿದ್ರು, ಚಾಚಾ?"

ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ದುಕಾನಿನ ಮಾತು ಬೇಟಿ. ನೆನಪಿಲ್ಲ," ಎಂದು ಒಳಗೆ ಹೋದರು.

ಅದರಿಂದ ಅವಳ ಭಯ ಹೆಚ್ಚಿತು. ಅಪ್ಪನಿಗೆ ಗುಟ್ಟಿತ್ತೇ? ನಮಗೆ ಗೊತ್ತಾಗಬಾರದ ತಪ್ಪು ಏನಾದರೂ...?

ಶಕುಂತಲಮ್ಮ ಮಾತ್ರ ಏನೂ ವಿಚಾರಿಸುತ್ತಿರಲಿಲ್ಲ. ಗೋಡೆಗೊರಗಿ ಕೂತು, "ಇನ್ನೊಮ್ಮೆ ಹಾಕು ತಂಗಿ," ಎಂದು ಮಗಳಿಗೆ ಹೇಳುವಳು. ಕೆಮ್ಮು ಬರುವ ಹೊತ್ತಿಗೆ ಕಣ್ಣು ಮುಚ್ಚುವಳು. ಚಿತ್ರ ನೋಡಲು ಬಂದ ಸೋದರತ್ತೆ ಸರ್ವಮಂಗಳಮ್ಮ ಒಂದು ದಿನ ಚುಚ್ಚಿಯೇ ಬಿಟ್ಟಳು.

"ಮಗಳನ್ನ ಒಪ್ಪಿಸೋವಾಗ ಹಲ್ಲು ಕಿಸಿದೋಳು ನೀನೊಬ್ಬಳೇ ನೋಡವ್ವ, ಶಕುಂತಲಾ. ಅದಕ್ಕೇ ಈಗ ಅಳೋಹಂಗಾತು."

ಶಕುಂತಲಮ್ಮ ಮಗಳತ್ತ ತಿರುಗಿದಳು. "ಇನ್ನೊಮ್ಮೆ ಹಾಕು," ಎಂದಳು.

*

ಶ್ರಾವಣ ಬರುವ ಹೊತ್ತಿಗೆ ಕ್ಯಾಸೆಟ್ಟು ಆ ಜಾಗದಲ್ಲೇ ಸವೆದು, ಪರದೆಯ ಮೇಲೆ ಗೆರೆ ಬೀಳತೊಡಗಿತು. ದನಿ ಒಡೆಯತೊಡಗಿತು. ಇದೂ ಹೋದರೆ ಅವ್ವ ಉಳಿಯುವುದಿಲ್ಲ ಎಂದು ವಾಣಿಶ್ರೀಗೆ ಅನಿಸಿತು. ಸಿಟ್ಟನ್ನು ಬದಿಗಿಟ್ಟು ಮತ್ತೆ ಆ ಮೆಟ್ಟಿಲು ಹತ್ತಿದಳು.

"ಆ ಒಂದು ಮಾತನ್ನೇ ಬೇರೆ ಕ್ಯಾಸೆಟ್ಟಿಗೆ ಇಳಿಸಿ ಕೊಡ್ರಿ. ಅವ್ವ ಕೇಳಿ ಕೇಳಿ ಸವೆದೈತೆ."

"ಕೊಡ್ತೀನಿ. ಅದಕ್ಕೇನು..."

ಖಾಲಿ ಕ್ಯಾಸೆಟ್ಟು ತೆಗೆಯಲು ಅವನು ಕಪಾಟಿನ ಕಡೆ ತಿರುಗಿದ. ಅವಳ ಕಣ್ಣು ಮೇಲೆ ದೇವರ ಪಟದತ್ತ ಹೋಯಿತು. ಪಟದ ಪಕ್ಕದಲ್ಲಿ, ವಿಭೂತಿ ಗಟ್ಟಿಯ ಹತ್ತಿರ ಒಂದು ಕ್ಯಾಸೆಟ್ಟು ನಿಂತಿತ್ತು. ಬೆನ್ನ ಮೇಲೆ ಚೀಟಿ: ಬಕ್ಕೇಶಪ್ಪನವರ ಮನೆ, ಹೆಣ್ಣು ಒಪ್ಪಿಸೋದು.

ಅವನು ಖಾಲಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಅವಳತ್ತ ತಿರುಗಿದ.

"ಇಲ್ಲ ಅಂದ್ರಿ," ಎಂದಳು ವಾಣಿಶ್ರೀ. "ದೇವರ ಪಕ್ಕ ಇಟ್ಕೊಂಡು ಸುಳ್ಳು ಹೇಳಿದ್ರಿ."

ಅವನು ತಲೆ ತಗ್ಗಿಸಿದ.

"ಕೊಡ್ರಿ ಇತ್ಲಾಗ."

"ಕೊಡಾಕ ಬರಲ್ರಿ."

"ಸತ್ತೋರ ಮಾತು ಇಟ್ಕೊಂಡು ನೀವೇನು ಮಾಡ್ತೀರಿ? ಉಪ್ಪಿನಕಾಯಿ ಹಾಕ್ತೀರಾ?"

"ನೀವು ಏನಂದ್ರೂ ಅನ್ರಿ. ನಿಮ್ಮ ಮನೆ ಯಜಮಾನ್ರು ಸ್ವತಃ ಇಲ್ಲಿ ಬಂದಿದ್ರು. ಇದೇ ಕುರ್ಚಿ ಮ್ಯಾಲೆ ಕೂತು, ಆ ಸದ್ದು ತೆಗೆದುಬಿಡು, ನಮ್ಮ ಮನೆಯಾಗ ಯಾರ ಕಿವಿಗೂ ಬೀಳಬಾರದು ಅಂದ್ರು. ನಾನು ಲಿಂಗ ಮುಟ್ಟಿ ಮಾತು ಕೊಟ್ಟೀನಿ. ಸುಟ್ಟುಬಿಡಾಕ ಮನಸ್ಸು ಬರಲಿಲ್ಲ. ಕೊಡಾಕ ಧರ್ಮ ಬಿಡಲಿಲ್ಲ."

ವಾಣಿಶ್ರೀ ಅದೇ ಕುರ್ಚಿಯ ಮೇಲೆ ಕುಸಿದು ಕುಳಿತಳು.

"ನನಗ ಕೇಳಾಕ ಧೈರ್ಯನೂ ಇಲ್ರಿ," ಎಂದಳು. "ಅದರಾಗ ನನ್ನ ಮ್ಯಾಲಿನ ಬೇಸರನೇ ಇರಬೇಕು. ಮದುವೆ ಬೇಗ ಮಾಡ್ರಿ ಅಂತ ಜೀವ ತಿಂದೋಳು ನಾನೇ. ಆ ಓಡಾಟನೇ ಅಪ್ಪನ್ನ ತಿಂದಿದ್ದು. ಅಪ್ಪನ್ನ ಕೊಂದೋಳು ನಾನು."

ಕೊಟ್ಟೂರೇಶ್ ಅವಳನ್ನೇ ನೋಡಿದ. ದೇವರ ಪಟದ ಕಡೆ ನೋಡಿದ.

ಅವಳು ಎದ್ದು ಹೋದಳು. ಹೊಸ ಕ್ಯಾಸೆಟ್ಟು ಮೇಜಿನ ಮೇಲೆಯೇ ಉಳಿಯಿತು.

*

ಮರುದಿನ ಶ್ರಾವಣ ಸೋಮವಾರ. ಕೊಟ್ಟೂರೇಶ್ ನಸುಕಿನಲ್ಲೇ ಹೊಳೆಗಿಳಿದು ಮಿಂದ. ಹರಿಹರೇಶ್ವರನ ಮುಂದೆ ನಿಂತು ಕೈಮುಗಿದ. ಸತ್ತವನಿಗೆ ಕೊಟ್ಟ ಮಾತು ಒಂದು ಕಡೆ, ಬದುಕಿರುವವಳ ಸಂಕಟ ಒಂದು ಕಡೆ. ಮಾತು ತಪ್ಪಿದ ಪಾಪ ನನ್ನ ಪಾಲಿಗಿರಲಿ ಸ್ವಾಮಿ, ಎಂದು ಬೇಡಿಕೊಂಡು ದಾವಣಗೆರೆಯ ಬಸ್ಸು ಹತ್ತಿದ.

ಬಾಗಿಲು ತೆರೆದವಳು ವಾಣಿಶ್ರೀ. ಅವನ ಕೈಯಲ್ಲಿದ್ದುದನ್ನು ನೋಡಿ ಪಕ್ಕಕ್ಕೆ ಸರಿದಳು.

"ಅಮ್ಮಾರೆ," ಎಂದ ಅವನು ಶಕುಂತಲಮ್ಮನ ಮುಂದೆ ಕೂತು, "ಯಜಮಾನ್ರು ನಿಮಗೆ ಕೇಳಿಸಬ್ಯಾಡ ಅಂದಿದ್ದು ಇದರಾಗ ಐತೆ. ನಾನು ಮಾತು ಮುರೀತಿದ್ದೀನಿ. ಬ್ಯಾಡ ಅಂದ್ರೆ ನೀವು ಒಳಗೆ ಹೋಗ್ರಿ. ವಾಣಿಯವರು ಮಾತ್ರ ಕೇಳಲೇಬೇಕು."

ಶಕುಂತಲಮ್ಮ ಅವನ ಹಣೆಯ ವಿಭೂತಿಯನ್ನು, ಆರದ ಕೂದಲನ್ನು ನೋಡಿದಳು. "ಹಾಕಪ್ಪ," ಎಂದಳು.

ಶಹನಾಯಿ ಇರಲಿಲ್ಲ. ಅಳುವಿತ್ತು, ಕೂಸುಗಳ ಗಲಾಟೆಯಿತ್ತು, ಎಲ್ಲೋ ಪಾತ್ರೆ ಬಿದ್ದ ಸದ್ದಿತ್ತು. ಕ್ಯಾಮೆರಾದ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದವರ ಮಾತು ಮಾತ್ರ, ಅದೇ ಕೆಮ್ಮಿನ ಹಿಂದೆ, ಕಿವಿಯ ಹತ್ತಿರವೇ ಕೇಳಿತು.

"ಮನೆಯಾಗ ಮಾತ್ರ ಹೇಳಬ್ಯಾಡ, ಅಮೀರಣ್ಣ. ಡಾಕ್ಟರು ದೀಪಾವಳಿಗೇ ಕೈ ಚೆಲ್ಯಾರ. ಎದೆ ಇನ್ನು ಬಾಳ ದಿನ ತಡೆಯಲ್ಲಂತೆ."

"ಯಾ ಅಲ್ಲಾ... ಅದಕ್ಕೇ ಏನು ಈ ಅವಸರ?"

"ಅದಕ್ಕೇ. ಹೆಂಗ ಕೇಳಲಿ ಗಂಡಿನವರನ್ನ ಅಂತಿದ್ದೆ. ವಾಣಿನೇ ಬಂದು, ಬೇಗ ಮುಗಿಸಿಬಿಡ್ರಿ ಅಪ್ಪಾಜಿ ಅಂದಳು. ಶಿವನೇ ಆಕಿ ಬಾಯಾಗ ಬಂದು ನುಡಿದ ಅಂದ್ಕಂಡೆ. ಒಬ್ಬಳನ್ನಾದ್ರೂ ಧಾರೆ ಎರೆದು ಹೋಗೋ ಪುಣ್ಯ ಆ ಕೂಸಿನಿಂದ ಬಂತು ನನಗ."

"ಶಕುಂತಲಾ ಭಾಬಿಗಾದ್ರೂ ಹೇಳು, ಬಕ್ಕೇಶ್."

ಕೆಮ್ಮು. ಆಮೇಲೆ ಸಣ್ಣ ನಗು.

"ನೋಡಲ್ಲಿ, ಹೆಂಗ ನಗ್ತಾಳ. ಇವತ್ತೊಂದಿನ ನಗಲಿ ಬಿಡು."

ವಾಣಿಶ್ರೀ ನೆಲಕ್ಕೆ ಹಣೆಯಿಟ್ಟು ಅತ್ತಳು. ಎಷ್ಟೋ ತಿಂಗಳು ನುಂಗಿದ್ದ ಅಳು ಅದು.

ಶಕುಂತಲಮ್ಮ ಅಳಲಿಲ್ಲ. ಮಗಳ ಬೆನ್ನ ಮೇಲೆ ಕೈಯಿಟ್ಟು, ಚಿತ್ರ ನಿಂತ ಪರದೆಯನ್ನೇ ನೋಡುತ್ತಿದ್ದಳು.

"ನನಗ ಗೊತ್ತಿತ್ತು," ಎಂದಳು.

ಇಬ್ಬರೂ ಬೆಚ್ಚಿ ನೋಡಿದರು.

"ಜುಬ್ಬ ಒಗೆಯೋವಾಗ ಜೇಬಿನಾಗ ಗುಳಿಗೆ ಸಿಕ್ಕಿದ್ವು. ಔಷಧಿ ಅಂಗಡಿಯಾಗ ಕೇಳಿದೆ, ಯಾವುದಕ್ಕೆ ಅಂತ ಹೇಳಿದ್ರು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗ ಗೊತ್ತಿಲ್ಲ ಅನ್ನೋ ಸಮಾಧಾನ ಒಂದಾದ್ರೂ ಅವರಿಗಿರಲಿ ಅಂತ..."

"ಅವ್ವ, ಮತ್ತೆ ಅವತ್ತು ನೀನು..."

"ಅವತ್ತು ಅವರು ಕಂಬದ ಹತ್ತಿರ ನಿಂತು ನನ್ನನ್ನೇ ನೋಡ್ತಿದ್ರು. ಅವರು ನೋಡ್ಲಿ ಅಂತ ನಕ್ಕೆ ತಂಗಿ. ಊರೋರು ಏನಾದ್ರೂ ಅನ್ಕಳ್ಳಿ. ನೋಡಿದ್ರೋ ಇಲ್ಲೋ ಅಂತ ಇಷ್ಟು ದಿನ ಒದ್ದಾಡ್ತಿದ್ದೆ." ಅವಳ ದನಿ ಅಲ್ಲಿ ಮೊದಲ ಸಲ ಒಡೆಯಿತು. "ನೋಡ್ಯಾರ."

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಪೂಜೆಗೆ ಹೊತ್ತಾತು. ಕೊಟ್ಟೂರೇಶಪ್ಪ, ಪ್ರಸಾದ ಮುಗಿಸಿಕೊಂಡೇ ಹೋಗಬೇಕು ನೀನು," ಎಂದು ಒಳಗೆ ಹೋದಳು. ಅವಳು ಅನ್ನಕ್ಕೆ ಇಟ್ಟ ಸದ್ದು ಕೇಳಿ ವಾಣಿಶ್ರೀ ಕಿವಿಯನ್ನೇ ನಂಬಲಿಲ್ಲ. ಅಪ್ಪ ಹೋದಮೇಲೆ ಅವ್ವ ಒಲೆಯ ಮುಂದೆ ಹೋಗಿರಲಿಲ್ಲ.

ಕೊಟ್ಟೂರೇಶ್ ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ವಾಣಿಶ್ರೀ ನೀರು ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು.

"ನಿಮಗ ಏನೇನೋ ಅಂದುಬಿಟ್ಟೆ."

"ಉಪ್ಪಿನಕಾಯಿ ಮಾತು ಒಂದು ಸ್ವಲ್ಪ ಖಾರ ಆತು," ಎಂದ ಅವನು.

ಅವಳ ತುಟಿಯಲ್ಲಿ ನಗು ಬಂದಂತಾಗಿ ಹೋಯಿತು.

"ಒಂದು ಕೇಳ್ಲಾ? ಎಲ್ಲಾ ಮುಚ್ಚಿದೋರು ಅಲ್ಲೇ ಯಾಕ ಮರೆತ್ರಿ? ಅಲ್ಲೇ ಯಾಕ ಇನ್ನೊಮ್ಮೆ ಕತ್ತರಿಸಿದ್ರಿ?"

ಅವನು ಲೋಟವನ್ನು ಕೈಯಲ್ಲಿ ತಿರುಗಿಸಿದ. ಬೀದಿಯಲ್ಲಿ ಮಂಡಕ್ಕಿಯವನು ಕೂಗುತ್ತಾ ಹೋದ.

"ಅಲ್ಲಿ ನೀವಿದ್ರಿ," ಎಂದ ಕೊನೆಗೆ. "ಕೆಲಸ ಎಲ್ಲಾ ಮುಗಿದಿತ್ತು. ನಿಮ್ಮ ಮುಖ ಅಲ್ಲಿ ಇನ್ನೊಂದು ಗಳಿಗೆ ನಿಲ್ಲಲಿ ಅನ್ನಿಸ್ತು. ಅದಕ್ಕೇ ಕತ್ತರಿಸಿ ನಿಲ್ಲಿಸಿದೆ. ನಿಮ್ಮನ್ನ ನೋಡ್ತಾ ಸದ್ದು ಮುಚ್ಚೋದು ಮರೆತೆ. ಆ ಒಂದು ತಪ್ಪಿನಿಂದ ಇಷ್ಟೆಲ್ಲಾ ಆತು."

ಒಳಗೆ ಗಂಟೆಯ ಸದ್ದು ಬಂದು ನಿಂತಿತು.

"ಆ ತಪ್ಪಿಲ್ದಿದ್ರೆ ನಾನು ಸಾಯೋಮಟ ಅಪ್ಪನ್ನ ಕೊಂದೋಳಾಗೇ ಇರ್ತಿದ್ದೆ," ಎಂದಳು. ಆಮೇಲೆ ನೆಲ ನೋಡುತ್ತಾ, "ಅಪ್ಪಂದು ವರ್ಷ ಕಳೀಲಿ. ಆಮ್ಯಾಲೆ ಈ ಮನೆಯಾಗ ಇನ್ನೊಂದು ಸಲ ಹೆಣ್ಣು ಒಪ್ಪಿಸ್ತಾರ. ಅದಕ್ಕೆ ಯಾವ ಹಾಡು ಹಾಕ್ತೀರಿ?"

ಅವನಿಗೆ ಅರ್ಥವಾಗಲಿಲ್ಲ. ಮುಖ ಬಾಡಿತು. "ಹಾಡು ಬ್ಯಾಡ್ರಿ. ಇದ್ದ ಸದ್ದು ಇದ್ದಂಗೇ ಇರಲಿ. ನಾನೇ ಬಂದು ಕ್ಯಾಮೆರಾ ಹಿಡೀತೀನಿ."

"ಅದೆಂಗ ಹಿಡೀತೀರಿ?" ಎಂದಳು ವಾಣಿಶ್ರೀ. "ನೀವು ಹಸೆಮಣೆ ಮ್ಯಾಲೆ ಕೂತಿರ್ತೀರಲ್ಲ."

ಅವನು ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ.

"ಹಂಗಾದ್ರೆ ಬೇರೆಯವರನ್ನ ನೋಡ್ಬೇಕು," ಎಂದ.

"ನೋಡ್ರಿ," ಎಂದಳು ಅವಳು. "ಸದ್ದು ಮುಚ್ಚದೋರನ್ನ."