ಹಾಕದೇ ಉಳಿದ ದಾಳ

"ಕೂದಲೆಳೆಯಷ್ಟು ಕಮ್ಮಿ! ನಿಮ್ಮ ಕುದುರೆಗಳು ಸೇತುವೆ ಮುಟ್ಟಲ್ಲ."

ಟೈಲರ್ ಮೇಡಂ ಟೇಪು ಮಡಚಿದಳು. ಮೇಜಿನ ಆಚೆಯಿಂದ ಗಡಿಯಾರ ರಿಪೇರಿಯವನು ಅವಳನ್ನೇ ದಿಟ್ಟಿಸಿದ.

"ನನ್ನ ಸರದಿ ಬಂದಾಗ ಮಾತ್ರ ನಿಮ್ಮ ಟೇಪು ಯಾಕೆ ಕುಗ್ಗತ್ತೆ?"

ಉಳಿದ ಐವರು ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ.

ಹೊಲಿಗೆ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಈ ಯುದ್ಧ. ಬಟ್ಟೆ ಕತ್ತರಿಸುವ ಮೇಜೇ ರಣರಂಗ, ಬೆರಳುದ್ದದ ಆಟಿಕೆ ಸೈನಿಕರು, ಕುದುರೆಗಳು, ಆರು ಜನ ಆಟಗಾರರು. ಯಾರು ಯಾವ ಪಕ್ಷವೆಂದು ಚೀಟಿ ಎತ್ತಿ ತೀರ್ಮಾನ. ಸ್ನೇಹಿತರೆಲ್ಲ ಸೇರಿಕೊಂಡು ಒಬ್ಬನ ಮೇಲೆ ಬೀಳುವಂತಿಲ್ಲ. ಸೈನ್ಯ ಸಾಗುವ ದೂರವನ್ನು ಟೇಪಿನಿಂದ ಅಳೆಯಬೇಕು, ಅಳತೆಯಲ್ಲಿ ಅನುಮಾನ ಬಂದರೆ ದಾಳ ಹಾಕಬೇಕು. ನಿಯಮಗಳೆಲ್ಲ ಅವಳವೇ, ತೀರ್ಪೂ ಅವಳದೇ. ಸ್ವಂತ ಅಣ್ಣ ಆಡಿದರೂ ಮುಖ ನೋಡಿ ತೀರ್ಪು ಕೊಟ್ಟವಳಲ್ಲ.

"ನನ್ನನ್ನು ಕಂಡ್ರೆ ಆಗಲ್ಲ ಅಂದ್ರೆ ನೇರವಾಗಿ ಹೇಳಿ ಮೇಡಂ... ಮುಂದಿನ ವಾರದಿಂದ ನಾನು ಬರಲ್ಲ."

ಅವನು ಕುದುರೆಗಳನ್ನು ಡಬ್ಬಿಗೆ ತುಂಬಿಕೊಂಡು ಮೆಟ್ಟಿಲಿಳಿದ.

ಅಯ್ಯೋ, ಹೋಗೇಬಿಟ್ಟನಾ!

ಅಣ್ಣ ಮೆಲ್ಲಗೆ ಕೇಳಿದ, "ಪುಟ್ಟಿ, ಎರಡು ತಿಂಗಳಿಂದ ನೋಡ್ತಿದೀನಿ. ಅನುಮಾನ ಬಂದ್ರೆ ನಮಗೆಲ್ಲ ದಾಳ ಹಾಕ್ತೀಯ. ಅವನಿಗೆ ಒಂದ್ಸಲಾನೂ ಹಾಕ್ಲಿಲ್ಲ. ಯಾಕೆ?"

ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಂದ ಮೊದಲ ದಿನವೇ ಮನಸ್ಸು ಅವನ ಕಡೆ ವಾಲಿತ್ತು. ಎಲ್ಲಿ ಪಕ್ಷಪಾತ ಮಾಡಿಬಿಡುತ್ತೇನೋ ಎಂಬ ಭಯಕ್ಕೆ ಪ್ರತಿ ಸಲವೂ ಅವನ ವಿರುದ್ಧವೇ ತೀರ್ಪು ಕೊಟ್ಟಿದ್ದಳು. ನ್ಯಾಯದ ಹುಚ್ಚಿನಲ್ಲಿ ಅನ್ಯಾಯ ಮಾಡಿದ್ದಳು, ಜಾಣೆ!

ಚಪ್ಪಲಿ ಕೂಡ ಹಾಕದೆ ಕೆಳಗೆ ಓಡಿದಳು.

"ನಿಲ್ಲಿ! ನೀವು ಹೇಳಿದ್ದು ನಿಜ. ತಪ್ಪು ನಂದೇ."

"ಯಾಕೆ ಹಾಗೆ ಮಾಡಿದ್ರಿ? ನಾನೇನು ಮಾಡಿದ್ದೆ?"

"ಪ್ರತಿ ವಾರ ನೀವೇ ಗೆಲ್ಲಲಿ ಅನಿಸ್ತಿತ್ತು... ತೀರ್ಪು ಕೊಡೋಳಿಗೆ ಹಾಗೆ ಅನಿಸಬಾರದು!" ಅವಳ ಕಣ್ಣು ತುಂಬಿ ಬಂತು.

ಅವನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು.

"ನಾನು ಬರ್ತಿದ್ದಿದ್ದು ಗೆಲ್ಲೋಕಲ್ಲ ಮೇಡಂ... ನಿಮ್ಮನ್ನ ನೋಡೋಕೆ."

ಇಬ್ಬರೂ ಮೇಲೆ ಬಂದರು. ಅವಳು ಟೇಪು ತೆಗೆದು ಅಣ್ಣನ ಕೊರಳಿಗೆ ಹಾಕಿದಳು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನೇ ಬಿಟ್ಟುಕೊಟ್ಟಿದ್ದಳು.

"ಇನ್ಮೇಲೆ ತೀರ್ಪು ನಿಂದು ಅಣ್ಣ. ನಾನು ಲಾಯಕ್ಕಲ್ಲ. ನಿನ್ನ ಜಾಗದಲ್ಲಿ ನಾನು ಆಡ್ತೀನಿ."

ಹೊಸದಾಗಿ ಚೀಟಿ ಎತ್ತಿದರು. ಅವನೊಂದು ಪಕ್ಷ, ಅವಳೊಂದು ಪಕ್ಷ!

"ಬಿಟ್ಟುಕೊಡಲ್ಲ, ಈಗಲೇ ಹೇಳಿದೀನಿ," ಎಂದಳು.

"ಬಿಟ್ಟುಕೊಡಬೇಡಿ. ಆಟ ಮುಗಿದ್ಮೇಲೆ ಜೊತೆಗೆ ನಡ್ಕೊಂಡು ಹೋಗೋಣ್ವಾ?"

"ಎಲ್ಲಿವರೆಗೆ?"

"ನೀವು ಸಾಕು ಅನ್ನೋವರೆಗೆ."

ಅವಳು ತಲೆ ತಗ್ಗಿಸಿದಳು. ಕೆನ್ನೆ ಕೆಂಪಾಗಿತ್ತು.

"ನಾನು ಸಾಕು ಅನ್ನಲ್ಲ..."