ಊಟದ ಪಾಳಿ

"ಕೋರ್ಟ್ ಬಿಡ್ರಿ. ನಮ್ಮ ಟೀಮು ಆಡೂದೈತಿ."

ಹಿಂದಿನಿಂದ ಬಂದ ಗಡಸು ದನಿಗೆ, ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ನಿಷತ ತಿರುಗಿ ನೋಡಿದಳು. ಲಿಂಬೆಹಣ್ಣು ಸಾಗಿಸುವ ಟೆಂಪೋದಿಂದ ಎತ್ತರದ ಗಂಡಸೊಬ್ಬ ಇಳಿದಿದ್ದ. ಅವನ ಹಿಂದೆ ಮೂವರು ಹೊಸ ಹುಡುಗಿಯರು. ಹೊಸ ಬೂಟು, ಹೊಸ ಬ್ಯಾಗು.

ನಿಷತ ಚೆಂಡನ್ನು ಕಂಕುಳಲ್ಲಿ ಒತ್ತಿ ಹಿಡಿದಳು.

"ನಿಮ್ಮ ಟೀಮು ಅಂದ್ರ ಯಾವುದ್ರಿ? ಇಂಡಿ ಟೀಮು ಇಲ್ಲೇ ಆಡಾಕತ್ತೈತಲ್ಲ."

"ಶ್ರೀಶೈಲಪ್ಪ ಸಾಹುಕಾರ್ರು ನನ್ನ ಮ್ಯಾನೇಜರ್ ಮಾಡ್ಯಾರ್ರಿ. ಜುಲ್ಫಿಕರ ಅಂತ, ಮುದ್ದೇಬಿಹಾಳದವ. ಇವರು ಪಗಾರದ ಆಟಗಾರ್ತಿಯರು, ಧಾರವಾಡ ಕಡೆಯವರು."

"ಪಗಾರದವರಾದ್ರ ಏನಾತು? ಈ ನೆಲಕ್ಕ ಸಗಣಿ ಸಾರಿಸಿದವರು ನನ್ನ ಹುಡುಗ್ಯಾರು. ನೀವು ಬೂಟು ಹಾಕ್ಕೊಂಡ ನುಗ್ಗತೀರಿ."

ಜುಲ್ಫಿಕರ ಕೆಳಗೆ ನೋಡಿದ. ಬೆಳಿಗ್ಗೆ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ಬಗ್ಗಿ ಬೂಟು ಬಿಚ್ಚಿದ. ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಿಂತ.

ನಿಷತಳ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಇವನು ಜಗಳ ಆಡಬೇಕಿತ್ತಲ್ಲ... ಯಾಕೆ ಆಡಲಿಲ್ಲ?

ಅದು ತೊಂಬತ್ತೆಂಟರ ಬೇಸಿಗೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಾಹುಕಾರರಿಗೆ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದ್ದ ಕಾಲ. ಪಗಾರ ಕೊಟ್ಟು ಆಟಗಾರ್ತಿಯರನ್ನು ಕರೆಸುತ್ತಿದ್ದರು. ಗೆದ್ದರೆ ಪೇಪರಿನಲ್ಲಿ ಸಾಹುಕಾರರ ಫೋಟೋ. ಸೋತರೆ ಹುಡುಗಿಯರ ಹೆಸರು.

ಲಿಂಬೆ ವ್ಯಾಪಾರಿ ಶ್ರೀಶೈಲಪ್ಪ ಆ ಸಂಜೆ ಕೋರ್ಟಿನ ಅಂಚಿನಲ್ಲಿ ನಿಂತು ಹೇಳಿಬಿಟ್ಟ:

"ಬಾಗೇವಾಡಿ ಪಂದ್ಯದ ಕಪ್ಪು ಈ ವರ್ಷ ನನಗ ಬೇಕು. ಬರಲಿಲ್ಲಂದ್ರ ಈ ನನ್ನ ಜಾಗಾದಾಗ ಲಿಂಬಿ ಚೀಲ ಒಟ್ಟತೇನಿ. ನಿಷತ ಟೀಚರ್ರ, ನಿಮ್ಮ ಹುಡುಗ್ಯಾರು ಬೆಂಚಿನ ಮ್ಯಾಲ ಕುಂದ್ರಲಿ. ನನಗ ಹಣ್ಣು ಬೇಕು, ಸಸಿ ಅಲ್ಲ."

"ಸಸಿ ತುಳಿದ ಮ್ಯಾಲ ಹಣ್ಣು ಯಾವ ಗಿಡದಾಗ ಹರೀತೀರಿ ಸಾಹುಕಾರ್ರ?"

ಶ್ರೀಶೈಲಪ್ಪ ಕೇಳದವನಂತೆ ಜೀಪು ಹತ್ತಿದ. ನಿಷತಳ ಪಕ್ಕ ದಾನೇಶ್ವರಿ ನಿಂತಿದ್ದಳು. ಹೈಸ್ಕೂಲು ಮುಗಿಸಿದ ಹುಡುಗಿ, ಚೆಂಡು ಮುಟ್ಟಿದರೆ ಮಿಂಚು. ಅವಳ ಅವ್ವ ಇಂದುಬಾಯಿ ಅದೇ ಸಾಹುಕಾರನ ಅಂಗಳದಲ್ಲಿ ಲಿಂಬೆ ಆರಿಸುವವಳು.

"ಟೀಚರ್ರ, ನಾ ಆಡೂದಿಲ್ಲೇನ್ರಿ?"

ನಿಷತ ತಿರುಗಿ ಜುಲ್ಫಿಕರನನ್ನೇ ನೋಡಿದಳು. ಅವನು ನೆಲ ನೋಡುತ್ತಿದ್ದ.

ಹೊರಗಿನಿಂದ ಬಂದ ಆಟಗಾರರಿಗೆ ಊರಿನ ಮನೆಗಳು ಪಾಳಿ ಹಚ್ಚಿ ಊಟ ಹಾಕುವುದು ಅಲ್ಲಿಯ ಪದ್ಧತಿ. ಆದರೆ ಜುಲ್ಫಿಕರ ಈ ಸಲ ಪಾಳಿ ಹಚ್ಚಿದ್ದು ನೋಡಿ ನಿಷತಳ ಮೈ ಉರಿಯಿತು. ಒಬ್ಬೊಬ್ಬ ಪಗಾರದ ಹುಡುಗಿಯನ್ನು, ಬೆಂಚಿಗೆ ಬಿದ್ದ ಒಬ್ಬೊಬ್ಬಳ ಮನೆಗೇ ಊಟಕ್ಕೆ ಕಳಿಸಿದ್ದ!

ಜಾಗ ಕಸಿದುಕೊಂಡವರಿಗೆ ಜಾಗ ಕಳೆದುಕೊಂಡವಳ ಅವ್ವ ರೊಟ್ಟಿ ಬಡಿಯಬೇಕು. ಇದ್ಯಾವ ನ್ಯಾಯ?

ಅವನ ಪಾಳಿ ಬಂದದ್ದು ನಿಷತಳ ಮನೆಗೇ. ತಾಯಿ ಮಾಬುಬಿಗೆ ಅವನನ್ನು ಕಂಡರೆ ಜೀವ.

"ಇನ್ನೊಂದ್ ರೊಟ್ಟಿ ಹಾಕ್ಕೊ ಬೇಟಾ. ನಮ್ಮ ನಿಷತ ಬಡದದ್ದು, ಜರಾ ಖಡಕ್ ಆಗ್ಯಾವು."

"ರೊಟ್ಟಿ ಮೆತ್ತಗs ಅದಾವ್ರಿ ಅಮ್ಮಾ. ಬಡದವರು ಖಡಕ್ ಅದಾರ."

ನಿಷತ ಪಲ್ಯದ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

"ಹುಡುಗ್ಯಾರ ಬಾಯಾಗ ಮಣ್ಣು ಹಾಕಿ, ಅವರ ಮನ್ಯಾಗ ಉಣ್ಣಾಕ ನಾಚಿಕಿ ಬರೂದಿಲ್ಲೇನ್ರಿ ನಿಮಗ?"

"ನಿಷತ!" ಮಾಬುಬಿ ಗದರಿದಳು.

ಜುಲ್ಫಿಕರ ತುತ್ತು ಇಳಿಸಿ ಅವಳತ್ತ ನೋಡಿದ.

"ಪುಂಡಿಪಲ್ಯ ಭಾಳ ಚಲೋ ಆಗೈತ್ರಿ," ಅಂದ ಅಷ್ಟೇ.

ಆ ಕಣ್ಣಲ್ಲಿ ಅಪರಾಧಿಯ ಕಳೆ ಇರಲಿಲ್ಲ. ಅದೇ ಅವಳನ್ನು ಕಾಡಿತು. ಮರುದಿನ ರೊಟ್ಟಿ ಬಡಿಯುವಾಗ ಅಂಚು ಹರಿಯದಂತೆ ಜೋಪಾನ ಮಾಡುತ್ತಿರುವುದು ಅರಿವಾಗಿ, ತನ್ನ ಮೇಲೆಯೇ ಸಿಟ್ಟು ಬಂತು.

ಬಾಗೇವಾಡಿಯಲ್ಲಿ ಪಂದ್ಯಗಳು ಶುರುವಾದವು. ಸಿಂದಗಿಯ ಮೇಲೆ ಗೆದ್ದರು, ಬಾಗೇವಾಡಿಯ ಮೇಲೂ ಗೆದ್ದರು. ಎರಡರಲ್ಲೂ ದಾನೇಶ್ವರಿ ನೀರಿನ ಬಾಟಲಿ ಹಿಡಿದು ಕುಳಿತಿದ್ದಳು. ಇಂಡಿಗೆ ಮರಳಿದ ಸಂಜೆ ಊಟಕ್ಕೆ ಬಂದ ಜುಲ್ಫಿಕರನನ್ನು ನಿಷತ ಬಾಗಿಲಲ್ಲೇ ತಡೆದಳು.

"ನಾಳಿಂದ ನಮ್ಮನಿಗೆ ಊಟಕ್ಕ ಬರಬ್ಯಾಡ್ರಿ."

ಅವನು ಹೊಸ್ತಿಲ ಮೇಲಿಟ್ಟ ಕಾಲು ಹಿಂದೆಗೆದ. "ಹೂಂ," ಅಂದ. "ಅಮ್ಮಾಗ ಸಲಾಂ ಹೇಳ್ರಿ." ಹೊರಟುಹೋದ.

ಒಳಗೆ ಮಾಬುಬಿ ಅವನಿಗೆಂದು ತಾಟು ಇಟ್ಟಿದ್ದಳು. ನಿಷತಳಿಗೆ ಅದನ್ನು ಎತ್ತಿಡುವ ಧೈರ್ಯವಾಗಲಿಲ್ಲ.

ಮರುದಿನ ನಸುಕಿನಲ್ಲಿ ಅವಳು ಇಂದುಬಾಯಿಯ ಮನೆಗೆ ನಡೆದಳು. ನೀವೂ ಊಟ ನಿಲ್ಲಿಸಿರಿ ಎಂದು ಹೇಳಲು. ಅಂಗಳದಲ್ಲಿ ಕಾಲು ನಿಂತುಬಿಟ್ಟವು.

ಬೇವಿನ ಮರಕ್ಕೆ ಸೈಕಲ್ಲಿನ ಹಳೆಯ ಗಾಲಿಬಳೆಯನ್ನು ಬಾಸ್ಕೆಟ್ಟಿನಂತೆ ಎತ್ತರಕ್ಕೆ ಕಟ್ಟಿದ್ದರು. ಪಗಾರದ ತಾರೆ, ಧಾರವಾಡದ ರಾಜೇಶ್ವರಿ, ದಾನೇಶ್ವರಿಯ ಮೊಣಕೈ ಹಿಡಿದು ತಿದ್ದುತ್ತಿದ್ದಳು. "ಮಣಿಕಟ್ಟು ಸಡಿಲ ಬಿಡು. ಚೆಂಡ ದೂಡಬ್ಯಾಡ, ಕಳಿಸು."

"ಇದೇನವ್ವಾ ಇಂದುಬಾಯಿ?"

"ದಿನಾ ಇದs ಐತ್ರಿ ಟೀಚರ್ರ. ಉಂಡವರು ಆ ಮನಿ ಹುಡುಗಿಗೆ ಆಟ ಕಲಿಸಬೇಕು, ಕಲಿಸದಿದ್ರ ರೊಟ್ಟಿ ಹಾಕಬ್ಯಾಡ್ರಿ ಅಂದಾರ ನಮ್ಮ ಮ್ಯಾನೇಜರ್ರು. ಅದಕ್ಕs ಹಿಂಗ ಪಾಳಿ ಹಚ್ಚ್ಯಾರ."

"ನನಗ್ಯಾಕ ಹೇಳಲಿಲ್ಲ?"

ದಾನೇಶ್ವರಿ ತುಟಿ ಕಚ್ಚಿ ನಕ್ಕಳು. "ಪಗಾರದವರ್ನ ದಣಸ್ತಾರ ಅಂತ ಸಾಹುಕಾರ್ರಿಗೆ ಗೊತ್ತಾಗಬಾರದಲ್ರಿ... ನೀವು ಸಾಹುಕಾರ್ರ ಜೋಡಿ ಜಗಳಕ್ಕ ನಿಂತ್ರ ಎಲ್ಲಾ ಬಾಯಿಬಿಟ್ಟು ಹೇಳ್ತೀರಿ ಅಂದ್ರು ಮ್ಯಾನೇಜರ್ ಸರ."

ನಿಷತಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಸುಳ್ಳಲ್ಲ ಆ ಮಾತು. ಅವಳ ಬಾಯಿ ಅವಳಿಗೇ ಗೊತ್ತಿತ್ತು. ಬಾಗಿಲಲ್ಲಿ ನಿಂತು 'ಹೂಂ' ಅಂದವನ ಮುಖ ಕಣ್ಣ ಮುಂದೆ ಬಂತು.

ಫೈನಲ್ಲು ಮುದ್ದೇಬಿಹಾಳದ ಮೇಲೆ. ಬಾಗೇವಾಡಿ ಮೈದಾನ ಜನರಿಂದ ತುಂಬಿತ್ತು. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ಎರಡೂ ಕಡೆ ಸಮ ಸಮ. ರಾಜೇಶ್ವರಿಯನ್ನು ಇಬ್ಬಿಬ್ಬರು ಸುತ್ತುಗಟ್ಟಿದ್ದರು. ಅವಳು ದಣಿದಿದ್ದಳು.

ಜುಲ್ಫಿಕರ ಬೆಂಚಿನ ಕಡೆ ತಿರುಗಿದ. ದಾನೇಶ್ವರಿಯನ್ನು ಆಟಕ್ಕೆ ಇಳಿಸುವ ಅವನ ಮನಸ್ಸು ನಿಷತಳಿಗೆ ಅರ್ಥವಾಯಿತು. ಓಡಿ ಹತ್ತಿರ ಹೋದಳು.

"ಬ್ಯಾಡ್ರಿ. ರಾಜೇಶ್ವರಿನ್ನ ಇಡ್ರಿ. ಇವತ್ತ ಗೆಲ್ರಿ ಮೊದಲ... ಕೋರ್ಟ್ ಉಳೀಬೇಕು."

ಅವನು ಬೆರಗಾಗಿ ನೋಡಿದ. "ಇದನ್ನ ನೀವು ಹೇಳ್ತೀರೇನು?"

"ನಂದು ತಪ್ಪಾಗೈತ್ರಿ. ಇಂದುಬಾಯಿ ಅಂಗಳಕ್ಕ ಹೋಗಿದ್ನಿ."

ಜುಲ್ಫಿಕರನ ಮುಖ ಮೆತ್ತಗಾಯಿತು. "ಕೋರ್ಟ್ ಉಳಿದು ಯಾರಿಗೆ ಬೇಕ್ರಿ, ಈ ಹುಡುಗಿ ಅದರಾಗ ಕಾಲಿಡದಿದ್ರ? ದಾನೇಶ್ವರಿ, ಏಳವ್ವಾ."

ಜೀಪಿನ ಬಳಿಯಿಂದ ಶ್ರೀಶೈಲಪ್ಪ ಕೂಗಿದ, "ಏ ಜುಲ್ಫಿ, ತಲಿ ಕೆಟ್ಟೈತೇನು?"

ದಾನೇಶ್ವರಿ ಮೊದಲ ಚೆಂಡು ಕಳೆದುಕೊಂಡಳು. ಮುದ್ದೇಬಿಹಾಳ ಎರಡು ಬುಟ್ಟಿ ಹಾಕಿತು. ಮುಂದಿನ ಚೆಂಡು ಕೈಗೆ ಬಂದಾಗ ಹುಡುಗಿ ಮಣಿಕಟ್ಟು ಸಡಿಲ ಬಿಟ್ಟಳು. ದೂರದಿಂದ ಕಳಿಸಿದ ಚೆಂಡು ಬುಟ್ಟಿಯ ಬಳೆ ಮುಟ್ಟದೆ ಒಳಗಿಳಿಯಿತು. "ಇಂಡಿ ಹುಡುಗಿ! ಇಂಡಿ ಹುಡುಗಿ!" ಎಂದು ಮೈದಾನವೇ ಎದ್ದಿತು. ಆದರೆ ಅಷ್ಟರಲ್ಲಿ ಆಟ ಮುಗಿದ ಸೀಟಿ ಕೇಳಿತು.

ಇಂಡಿ ಸೋತಿತ್ತು.

ಶ್ರೀಶೈಲಪ್ಪ ಕೆಂಡವಾಗಿ ಬಂದ. "ಕೈಯಾಗಿನ ಕಪ್ಪು ಚೆಲ್ಲಿದಿ. ನಾಳಿಂದ ನೀ ಮ್ಯಾನೇಜರ್ ಅಲ್ಲ."

ಮಗಳ ಆಟ ನೋಡಲು ಬಂದಿದ್ದ ಇಂದುಬಾಯಿ ಸೆರಗು ಬಿಗಿದು ಅಡ್ಡ ನಿಂತಳು. ಇಷ್ಟು ವರ್ಷ ಅವನ ಮುಂದೆ ತಲೆ ಎತ್ತದವಳು.

"ಸಾಹುಕಾರ್ರ, ಹ್ವಾದ ಮ್ಯಾಚಿನಾಗ ಗೆದ್ದವರು ಯಾರೋ. ಇವತ್ತ ಸೋತವರು ನಮ್ಮವರು. ಈ ಜನಾ ಯಾರ ಹೆಸರು ಕೂಗ್ಯಾರ ಕೇಳಿದ್ರ್ಯಾ? ನಿಮ್ಮ ಊರಿನ ಹೆಸರs."

ಶ್ರೀಶೈಲಪ್ಪ ಸುತ್ತಲೂ ನೋಡಿದ. ಅಪರಿಚಿತರು ದಾನೇಶ್ವರಿಯ ಕೈ ಕುಲುಕುತ್ತಿದ್ದರು. ವ್ಯಾಪಾರಿಗೆ ಗಿರಾಕಿಯ ಮನಸ್ಸು ತಿಳಿಯದೆ ಇರುತ್ತದೆಯೇ?

"ಚೀಲ ಬ್ಯಾರೆ ಕಡೆ ಒಟ್ಟತೇನಿ," ಎಂದು ಗೊಣಗಿದ. "ಮುಂದಿನ ವರ್ಷ ಇವರs ಆಡಲಿ. ಜುಲ್ಫಿ, ನೀ ಇನ್ನ ಲಿಂಬಿ ಟೆಂಪೋ ಹೊಡಿ."

ಮರುದಿನ ಬೆಳಿಗ್ಗೆ ನಿಷತ ಒಬ್ಬಳೇ ಕೋರ್ಟು ಸಾರಿಸುತ್ತಿದ್ದಳು. ಟೆಂಪೋ ಬಂದು ನಿಂತ ಸದ್ದಾಯಿತು. ತಲೆ ಎತ್ತಲಿಲ್ಲ. ಅಂಚಿನಲ್ಲಿ ಯಾರೋ ಚಪ್ಪಲಿ ಬಿಟ್ಟರು. ಬರಿಗಾಲು ಹತ್ತಿರ ಬಂದವು. ಅವನು ಅವಳ ಎದುರು ಕುಳಿತು ಸಗಣಿಗೆ ಕೈ ಹಾಕಿದ.

"ಸೋತವನಿಗೆ ಕೆಲಸ ಕೊಡ್ತೀರೇನ್ರಿ ಟೀಚರ್ರ?"

"ಎಲ್ಲಾರಿಗೂ ಹೇಳಿ ನನಗ ಒಬ್ಬಾಕಿಗೆ ಮುಚ್ಚಿಟ್ರಿ."

"ತಪ್ಪಾತು. ನೀವು ಬೈಯೂದು ಕೇಳಾಕ ಚಲೋ ಅನಸ್ತಿತ್ತು."

ನಿಷತ ನಗು ತಡೆದು ನೆಲ ಉಜ್ಜಿದಳು. "ಉಂಡ ಮನ್ಯಾಗ ಕಲಿಸಬೇಕು ಅಂತ ಕಾಯ್ದೆ ಮಾಡಿದವರು ನಮ್ಮನ್ಯಾಗ ಉಂಡು ಏನು ಕಲಿಸಿದ್ರಿ?"

"ನಿಮಗ ಕಲಿಸೋದು ಏನೈತ್ರಿ... ನಾನs ಕಲಿಯಾಕತ್ತಿದ್ನಿ. ನಡುವs ಸಾಲಿ ಬಿಡಿಸಿದ್ರಿ."

ಅವಳ ಕೈ ನಿಂತಿತು. ಕಣ್ಣು ತುಂಬಿ ಬಂದವು.

"ಅಮ್ಮಾ ನಿನ್ನೆ ರಾತ್ರಿನೂ ತಾಟು ಇಟ್ಟಿದ್ಲು," ಅಂದಳು. "ಮಧ್ಯಾಹ್ನ ಬರ್ರಿ. ಪುಂಡಿಪಲ್ಯ ಮಾಡ್ತೇನಿ."

"ನನ್ನ ಪಾಳಿ ಎಲ್ಲೀತನಕ ಐತಿ ನಿಷತ?"

ಮೊದಲ ಸಲ ಅವನು ಬರೀ ಹೆಸರು ಹಿಡಿದು ಕರೆದಿದ್ದ. ಅವಳು ಸಗಣಿಗೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

"ನಮ್ಮ ಮನಿ ಪಾಳಿ ಇನ್ನ ಬದಲಾಗೂದಿಲ್ಲ, ಜುಲ್ಫಿ. ಅಮ್ಮಾನ ಮುಂದ ಬಂದು ನೀನs ಹೇಳು."