ಫೈಲು ತೆರೆದವನ ಹೆಸರು

"ನಿಮ್ಮ ಪೂರ್ತಿ ಹೆಸರು ಏನಂದ್ರಿ?"

"ನುಜಹತ ನದಾಫ. ಹುಲಗೂರಿನಾಕಿ."

ವಸೀಮನ ಕೈಯಲ್ಲಿದ್ದ ಚಹಾದ ಕಪ್ಪು ವಾಲಿತು. ಬಿಸಿ ಚಹಾ ಬೆರಳ ಮೇಲೆ ಹರಿದರೂ ಅವನು ಕೈ ಕೊಡವಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ.

"ಕೈ ಸುಡಾಕತ್ತೈತಿ ನೋಡ್ರಿ," ಎಂದಳು ನುಜಹತ ಗಾಬರಿಯಿಂದ.

"ಹಾಂ... ಏನಿಲ್ರಿ."

'ಇವರಿಗೆ ನಾನು ಮೊದಲೇ ಗೊತ್ತೇ?' ಅವಳಿಗೆ ನೆನಪಾಗಲಿಲ್ಲ.

ಶಿಗ್ಗಾಂವದ ಆರೋಗ್ಯ ಟ್ರಸ್ಟಿನ ಮುಖ್ಯ ಕಚೇರಿಯಲ್ಲಿ ಅದು ಅವಳ ಮೊದಲ ದಿನ. ಸವಣೂರು, ಹಾನಗಲ್ಲ, ಹಿರೇಕೆರೂರಿನಲ್ಲೂ ಆಸ್ಪತ್ರೆಗಳಿದ್ದ ದೊಡ್ಡ ಸಂಸ್ಥೆ ಅದು. ರೋಗಿಗಳ ಮಾಹಿತಿ ಅವರ ಒಪ್ಪಿಗೆಯಿಲ್ಲದೆ ಯಾರ ಕೈಗೂ ಸಿಗದಂತೆ ಕಾಯುವುದು, ಡೇಟಾ ಸಂರಕ್ಷಣಾ ಅಧಿಕಾರಿಯಾಗಿ ಬಂದ ಅವಳ ಕೆಲಸ. ವಸೀಮ ಸವಣೂರು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅವಳ ನೆರವಿಗೆಂದು ಅವನನ್ನು ಕರೆಸಿದ್ದರು.

ಈ ಕೆಲಸವನ್ನು ಅವಳು ಸುಮ್ಮನೆ ಆರಿಸಿಕೊಂಡಿರಲಿಲ್ಲ.

ಆರು ವರ್ಷದ ಹಿಂದೆ ಅವಳ ನಿಶ್ಚಿತಾರ್ಥ ಮುರಿದಿತ್ತು. ಅವಳಿಗೆ ಫಿಟ್ಸ್ ಬರುತ್ತದೆಂದು ಗಂಡಿನ ಕಡೆಯವರಿಗೆ ಹೇಗೋ ತಿಳಿದಿತ್ತು. ಚಿಕಿತ್ಸೆ ಪಡೆದದ್ದು ಇದೇ ಟ್ರಸ್ಟಿನ ಶಿಗ್ಗಾಂವದ ಆಸ್ಪತ್ರೆಯಲ್ಲಿ. ಸುದ್ದಿ ಅಲ್ಲಿಂದಲೇ ಹೊರಬಿದ್ದಿತೆಂದು ಅವಳು ನಂಬಿದ್ದಳು. ಆ ಸಿಟ್ಟಿನಲ್ಲೇ ಓದಿದಳು. ಆ ಸಿಟ್ಟಿನಲ್ಲೇ ಇಲ್ಲಿಗೆ ಅರ್ಜಿ ಹಾಕಿದಳು.

ಕೆಲಸಕ್ಕೆ ಅವಳು ಓಪನ್ ಸೋರ್ಸ್ ತಂತ್ರಾಂಶಗಳನ್ನು ಆರಿಸಿದಾಗ ಟ್ರಸ್ಟಿನ ಅಧ್ಯಕ್ಷ ಕರಿಬಸಪ್ಪ ಹುಬ್ಬೇರಿಸಿದರು.

"ಪುಕ್ಕಟೆ ಸಿಗೂದನ್ನ ಹೆಂಗ ನಂಬೂದವಾ?"

ಉತ್ತರ ಕೊಟ್ಟವನು ವಸೀಮ. "ಇದರ ಒಳಗಿನ ಕೋಡ್ ಯಾರ ಬೇಕಾದ್ರೂ ತಗದು ನೋಡಬಹುದ್ರಿ ಸರ್. ಮುಚ್ಚಿಟ್ಟಿದ್ದು ಏನೂ ಇರೂದಿಲ್ಲ." ಕೊನೆಯ ಮಾತು ಹೇಳುವಾಗ ಅವನ ದನಿ ಇಳಿಯಿತು.

ಒಂದು ತಂತ್ರಾಂಶ, ರೋಗಿಗಳ ಹೆಸರು, ಕಾಯಿಲೆ ಯಾವ ಯಾವ ಕಂಪ್ಯೂಟರಿನಲ್ಲಿ ಬಿದ್ದಿವೆಯೆಂದು ಹುಡುಕುತ್ತಿತ್ತು. ಇನ್ನೊಂದು, ಯಾವ ಫೈಲನ್ನು ಯಾರು ಯಾವಾಗ ತೆರೆದರೆಂಬ ಹಳೆಯ ದಾಖಲೆಗಳನ್ನು ಓದಿ ಹೇಳುತ್ತಿತ್ತು. ನರ್ಸಮ್ಮಂದಿರಿಗೂ ತಿಳಿಯಲೆಂದು ವಸೀಮ ಎರಡನ್ನೂ ಕನ್ನಡಕ್ಕೆ ತಂದ. ಅವನ ಕನ್ನಡ ಅನುವಾದ ಈಗ ಆ ತಂತ್ರಾಂಶಗಳ ಜೊತೆಗೇ ಎಲ್ಲರಿಗೂ ಸಿಗುತ್ತಿತ್ತು.

ನಾಲ್ಕು ತಿಂಗಳು ಇಬ್ಬರೂ ಬಸ್ಸಿನಲ್ಲಿ ಊರೂರು ತಿರುಗಿದರು. ಹಿರೇಕೆರೂರಿನಲ್ಲಿ ವಾರ್ಡಿನ ಗೋಡೆಗೆ ರೋಗಿಗಳ ಪಟ್ಟಿ ಅಂಟಿಸಿದ್ದನ್ನು ಕಂಡು ಅವಳು ಕೂಗಾಡುವ ಮೊದಲೇ ಅವನು ಅದನ್ನು ಕಿತ್ತು ಮಡಚಿ ಜೇಬಿಗಿಟ್ಟಿದ್ದ. ಹಾನಗಲ್ಲಿನಿಂದ ಮರಳುವಾಗ ಅವಳು ನಿದ್ದೆಹೋದರೆ ಕಿಟಕಿಯ ಬಿಸಿಲಿಗೆ ತನ್ನ ಚೀಲ ಅಡ್ಡ ಹಿಡಿದು ಕೂತಿರುತ್ತಿದ್ದ.

'ಈ ಮನುಷ್ಯನ ಹತ್ತಿರ ಎಲ್ಲ ಹೇಳಿಕೊಳ್ಳಬಹುದು,' ಅನಿಸುತ್ತಿತ್ತು ಅವಳಿಗೆ. ಹೇಳಲು ಮಾತ್ರ ಧೈರ್ಯ ಬರುತ್ತಿರಲಿಲ್ಲ.

ಹಳೆಯ ದಾಖಲೆಗಳನ್ನು ಪರೀಕ್ಷಿಸುವ ಸರದಿ ಬಂದಾಗ ಅವಳೆಂದಳು, "ಎರಡು ವರ್ಷದ್ದು ನೋಡಿದ್ರ ಸಾಕಲ್ರಿ?"

"ಸಾಲಾಂಗಿಲ್ರಿ," ಎಂದ ವಸೀಮ, ಅವಳ ಕಡೆ ನೋಡದೆ. "ಹತ್ತು ವರ್ಷದ್ದು ಹಾಕ್ರಿ. ಒಂದನ್ನೂ ಬಿಡಬ್ಯಾಡ್ರಿ."

ಹಾಕಿದಳು. ಸರಿಯಾಗಿ ಓದುತ್ತದೋ ಇಲ್ಲವೋ ನೋಡೋಣವೆಂದು ತನ್ನದೇ ರೋಗಿಸಂಖ್ಯೆ ಕೊಟ್ಟಳು.

ಡಾಕ್ಟರರ ಹೆಸರು ಹಲವು ಸಲ ಬಂತು. ಕೊನೆಯ ಸಾಲಿನಲ್ಲಿ ಮಾತ್ರ ಬೇರೆ ಹೆಸರು. ಫೈಲು ತೆರೆದವರು: ವಸೀಮ, ರೆಕಾರ್ಡ್ ರೂಮು. ಪ್ರಿಂಟ್: ಒಂದು ಪ್ರತಿ.

ತಾರೀಖು... ನಿಶ್ಚಿತಾರ್ಥ ಮುರಿಯುವ ನಾಲ್ಕು ದಿನ ಮೊದಲು.

ಪರದೆಯನ್ನು ಮತ್ತೆ ಓದಿದಳು. ಮೂರನೆಯ ಸಲವೂ ಅದೇ ಹೆಸರಿತ್ತು.

'ಅದಕ್ಕೇ ಮೊದಲ ದಿನ ಹಾಗೆ ಬೆಚ್ಚಿದ್ದನೇ?'

ಆ ಮಧ್ಯಾಹ್ನವೇ ಸವಣೂರಿನ ಬಸ್ಸು ಹತ್ತಿದಳು. ಕಂಪ್ಯೂಟರ್ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವಳು ಕಾಗದವನ್ನು ಅವನ ಮುಂದಿಟ್ಟಳು.

"ಇದು ನಿಮ್ಮ ಹೆಸರ?"

ವಸೀಮ ನೋಡಿದ. ಅವನಿಗೆ ಆಶ್ಚರ್ಯವಾಗಲಿಲ್ಲ. ಅದೇ ಅವಳನ್ನು ಹೆಚ್ಚು ಇರಿಯಿತು.

"ಹೌದ್ರಿ. ಆಗ ಶಿಗ್ಗಾಂವದ ರೆಕಾರ್ಡ್ ರೂಮಿನ್ಯಾಗ ಇದ್ದೆ."

"ಪ್ರಿಂಟ್ ಯಾರಿಗೆ ಕೊಟ್ರಿ?"

"ಕೊಟ್ಟವ ನಾನ. ತಪ್ಪು ನಂದ ಐತಿ. ರಿಪೋರ್ಟಿನ್ಯಾಗ ಬರೀರಿ."

"ಯಾರಿಗೆ ಅಂತ ಕೇಳಾಕತ್ತೇನಿ."

"ಅದನ್ನ ಹೇಳಾಂಗಿಲ್ರಿ. ಮಾತು ಕೊಟ್ಟೇನಿ."

"ನನ್ನ ಲಗ್ನಾ ಮುರೀತು ವಸೀಮ ಅವರ. ಓಣ್ಯಾಗ ತಲಿ ಎತ್ತಿ ಅಡ್ಡಾಡಾಕ ಎರಡು ವರ್ಷ ಬೇಕಾತು." ಅವಳು ಕಾಗದ ಕೈಗೆತ್ತಿಕೊಂಡಳು. "ನಾನು ನಿಮ್ಮನ್ನ..."

ಮಾತು ಅರ್ಧಕ್ಕೇ ಬಿಟ್ಟು ಹೊರಗೆ ನಡೆದಳು. ಅವನು ತಲೆ ತಗ್ಗಿಸಿ ನಿಂತೇ ಇದ್ದ.

ಭಾನುವಾರ ಹುಲಗೂರಿಗೆ ಹೋದಳು. ತಾಯಿ ಚಮನಬಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಅವ್ವಾ, ನನ್ನ ಕಾಗದಾ ಹೊರಗ ಕೊಟ್ಟಾವ ಸಿಕ್ಕಾನ. ವಸೀಮ ಅಂತ. ಅವನ ನೌಕರಿ ಹೋಗೂಹಂಗ ಬರೀತೇನಿ."

ಚಮನಬಿಯ ಕೈ ನಿಂತಿತು.

"ಅವಂದು ಬರೀಬ್ಯಾಡವಾ. ಕಾಗದಾ ಇಸಗೊಂಡಾಕಿ ನಾನ."

ನುಜಹತಳಿಗೆ ಕೇಳಿಸಿತು. ಅರ್ಥವಾಗಲಿಲ್ಲ.

"ಗಂಡಿನವರಿಗೆ ತೋರಿಸಾಕ ಒಯ್ದೆ," ಎಂದಳು ಚಮನಬಿ. "ಮುಚ್ಚಿಟ್ಟು ಲಗ್ನಾ ಮಾಡಿ, ಆಮ್ಯಾಲ ಅವರ ಮುಂದ ನೀ ಬಿದ್ದು ಒದ್ದಾಡಿದ್ರ? ಮೋಸಾ ಮಾಡಿದ್ರಿ ಅಂತ ಹೊರಗ ಹಾಕಿದ್ರ? ಗೊತ್ತಿದ್ದ ಕರಕೊಂಡು ಹೋಗ್ಲಿ ಅಂತ ತೋರಿಸಿದೆ. ಅವರು ಬ್ಯಾಡ ಅಂದ್ರು."

"ವಸೀಮ...?"

"ನಿನ್ನ ಸಹಿ ಬೇಕ ಅಂತ ಹಟಾ ಹಿಡಿದಿದ್ದ. ನೀ ಎಚ್ಚರ ಇಲ್ಲದ ಮಲಗೀದಿ, ಬ್ಯಾರೆ ಡಾಕ್ಟರಿಗೆ ತೋರಿಸಬೇಕು ಅಂತ ಸುಳ್ಳು ಹೇಳಿ ಅತ್ತೆ. ಕೊಟ್ಟ. ಲಗ್ನಾ ಮುರದ ಮ್ಯಾಲ ಹೋಗಿ, ಮಗಳಿಗೆ ಮಾತ್ರ ಹೇಳಬ್ಯಾಡಪ್ಪಾ ಅಂತ ಕೈ ಮುಗದೆ."

"ಆರು ವರ್ಷ ಯಾಕ ಹೇಳಲಿಲ್ಲ ಅವ್ವಾ?"

"ಆಸ್ಪತ್ರಿ ಮ್ಯಾಲ ಸಿಟ್ಟಾಗಿ ಓದಾಕ ಕುಂತಿ. ನನ್ನ ಮ್ಯಾಲ ಸಿಟ್ಟಾಗಿದ್ರ ನಿನಗ ಯಾರಿದ್ರು?"

ನುಜಹತ ಎದ್ದು ಒಳಗೆ ಹೋದಳು. ಹಾಸಿಗೆಯ ಅಂಚಿಗೆ ಕೂತಳು. ಅಳು ಬರಲಿಲ್ಲ. ಆರು ವರ್ಷ ಯಾರನ್ನೋ ದ್ವೇಷಿಸಿದ್ದಳು. ಆ 'ಯಾರೋ' ಇರಲೇ ಇಲ್ಲ. ಸಂಜೆ ಚಮನಬಿ ಚಹಾ ತಂದು ಬಾಗಿಲಲ್ಲಿ ನಿಂತಾಗ, ಕೈಯಿಂದ ಲೋಟ ತೆಗೆದುಕೊಂಡು ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು.

ಸೋಮವಾರ ಕರಿಬಸಪ್ಪನವರ ಮುಂದೆ ವರದಿ ಇಟ್ಟಳು. ನಡೆದದ್ದನ್ನೆಲ್ಲ ಬರೆದಿದ್ದಳು. ಸುಳ್ಳಿಗೆ ಕರಗಿ ಕೊಟ್ಟಿದ್ದರೂ ರೋಗಿಯ ಸಹಿಯಿಲ್ಲದೆ ಕಾಗದ ಕೊಟ್ಟದ್ದು ತಪ್ಪೇ ಎಂದೂ ಬರೆದಿದ್ದಳು.

"ಇದರಾಗಿನ ರೋಗಿ ನಾನ ಸರ್. ಹಂಗಾಗಿ ತೀರ್ಮಾನ ನಾ ಮಾಡೂದು ಸರಿಯಲ್ಲ. ನೀವು ಮಾಡ್ರಿ."

ಕರಿಬಸಪ್ಪ ಎರಡು ಸಲ ಓದಿದರು. ವಸೀಮನಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಆರು ತಿಂಗಳು ರೋಗಿಗಳ ಫೈಲು ಮುಟ್ಟುವಂತಿಲ್ಲವೆಂದರು. ನೌಕರಿ ಉಳಿಯಿತು. ವಸೀಮ ಮರುಮಾತಿಲ್ಲದೆ ಸಹಿ ಹಾಕಿದನೆಂದು ಅವಳಿಗೆ ಆಮೇಲೆ ತಿಳಿಯಿತು.

ಮರುದಿನ ಊಟದ ಹೊತ್ತಿಗೆ ಸವಣೂರು ಆಸ್ಪತ್ರೆಯ ಹಿಂದಿನ ಕಟ್ಟೆಯ ಮೇಲೆ ಅವನು ಕೂತಿದ್ದ. ಅವಳನ್ನು ಕಂಡು ಎದ್ದ.

"ಕುಂತ್ಕೋರಿ," ಎಂದು ಅವಳೂ ಕೂತಳು. "ಅವ್ವ ಎಲ್ಲಾ ಹೇಳಿದ್ಲು. ಹತ್ತು ವರ್ಷದ್ದು ಹಾಕ್ರಿ ಅಂತ ನೀವ ಹೇಳಿದ್ರಿ. ನಿಮ್ಮ ಹೆಸರು ಬರತೈತಿ ಅಂತ ಗೊತ್ತಿದ್ದೂ..."

"ಕೊಟ್ಟ ಮಾತು ಮುರಿಯಾಕ ಆಗಲಿಲ್ಲ. ನಿಮ್ಮ ಮುಂದ ಒಳ್ಳೆಯವನಾಗಿ ಕೂಡಾಕೂ ಆಗಲಿಲ್ರಿ. ಹಂಗ ನೋಡಿದ್ರ ದಿನಾ ಅಂಜಿಕಿ. ನಿಮ್ಮನ್ನ ಮೆಚ್ಚಿದ ಮ್ಯಾಲ ಇನ್ನೂ ಜಾಸ್ತಿ ಆತು."

ಕೊನೆಯ ಮಾತು ಬಾಯಿ ಜಾರಿತ್ತು. ಅವನು ಸಂಕೋಚದಿಂದ ಮುಖ ತಿರುಗಿಸಿದ.

ನುಜಹತಳಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕೇಳಲೇಬೇಕಿತ್ತು.

"ನನ್ನ ಫೈಲ್ ಓದೀರಿ. ಎಲ್ಲಾ ಗೊತ್ತಿದ್ದೂ ಮೆಚ್ಚಿದ್ರೇನು?"

ವಸೀಮ ಅವಳ ಕಡೆ ತಿರುಗಿದ.

"ಓದಿಲ್ರಿ. ನಿಮ್ಮ ಹೆಸರು, ನಂಬರು ಅಷ್ಟ ನೋಡಿದೆ. ಪ್ರಿಂಟ್ ಮಡಚಿ ಲಕೋಟಿಗೆ ಹಾಕಿ ಕೊಟ್ಟೆ. ನಿಮಗ ಏನ್ ಬ್ಯಾನಿ ಅಂತ ಇವತ್ತಿಗೂ ಗೊತ್ತಿಲ್ಲ."

ಅವಳು ಬೆರಗಾಗಿ ಅವನನ್ನೇ ನೋಡಿದಳು. ಓಣಿಗೆ ಗೊತ್ತು, ಗಂಡಿನವರ ಬಳಗಕ್ಕೆಲ್ಲ ಗೊತ್ತು. ಆ ಕಾಗದ ಕೈಯಲ್ಲಿ ಹಿಡಿದ ಈ ಒಬ್ಬನಿಗೆ ಗೊತ್ತಿಲ್ಲ.

ಈಗ ಕಣ್ಣು ತುಂಬಿ ಬಂದವು.

"ರಿಪೋರ್ಟಿನ್ಯಾಗೂ ಕಾಯಿಲಿ ಹೆಸರು ಬರದಿಲ್ಲ ನಾ," ಎಂದಳು. "ಹೇಳಬೇಕೇನು?"

"ನಿಮಗ ಮನಸಿದ್ರ ಹೇಳ್ರಿ."

ಜೀವನದಲ್ಲಿ ಮೊದಲ ಸಲ, ಅವಳು ತಾನಾಗಿ ಹೇಳಿದಳು. "ನನಗ ಫಿಟ್ಸ್ ಬರ್ತಾವ. ಗುಳಿಗಿ ತಗೊಂತೇನಿ. ಕಡೇ ಸಲ ಬಂದು ಎರಡು ವರ್ಷ ಆತು. ಮತ್ತ ಬಂದ್ರೂ ಬರಬಹುದು."

ವಸೀಮ ಊಟದ ಡಬ್ಬಿ ಪಕ್ಕಕ್ಕಿಟ್ಟ.

"ಬಂದ್ರ ನಾ ಏನ್ ಮಾಡಬೇಕು?"

"ಒಂದ ಮಗ್ಗಲಿಗೆ ಮಲಗಿಸಬೇಕು. ಬಾಯಾಗ ಏನೂ ತುರುಕಬಾರದು. ಐದು ನಿಮಿಷಕ್ಕ ನಿಲ್ಲದಿದ್ರ ದವಾಖಾನಿಗೆ ಒಯ್ಯಬೇಕು. ನಿಂತ ಮ್ಯಾಲ... ಪಕ್ಕದಾಗ ಕುಂತಿರಬೇಕು."

"ಎಷ್ಟೊತ್ತು?"

"ನನಗ ಎಚ್ಚರ ಆಗೂ ತನಕಾ."

"ಕುಂತಿರ್ತೇನಿ," ಎಂದ ವಸೀಮ.